ಗಿಳಿಯ ಕೆನ್ನೆಯ ಕಾಡಿಗೆ

ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದ ಅಮರೇಶನ ಬೆನ್ನ ಹಿಂದಿನ ಬೆಂಚಿನಲ್ಲಿ ಇಬ್ಬರು ಹೆಂಗಸರು ಮಾತಿಗೆ ತೊಡಗಿದ್ದರು.

“ವಾಣಿ, ನಿಮ್ಮ ಹಳೇ ತೊಟ್ಟಿಲಿಗೆ ಅಮರೇಶ ಬಣ್ಣ ತುಂಬ್ಯಾನಲ್ಲ, ಅದರ ಮ್ಯಾಲಿನ ಗಿಳಿ ಹಾರಿಹೋಗಂಗದಾವ ನೋಡು!”

ಅಮರೇಶನ ಎದೆ ಉಬ್ಬಿತು. ತಿರುಗಿ ನಮಸ್ಕಾರ ಹೇಳಬೇಕೆನ್ನುವಷ್ಟರಲ್ಲಿ ವಾಣಿಯ ದನಿ ಕೇಳಿಸಿತು.

“ಹೌದಕ್ಕ. ಗಿಳಿ ಕೆನ್ನಿಗಿದ್ದ ಕಾಡಿಗಿ ಬೊಟ್ಟು ಮಾತ್ರ ಒಂದೂ ಉಳಿದಿಲ್ಲ.”

“ಅಯ್ಯ! ಕೂಸಿಗೆ ದೃಷ್ಟಿ ಆಗಬಾರ್ದಂತ, ಹೆಸರಿಡೋ ದಿನ ನಿಮ್ಮತ್ತಿ ಒಂದೊಂದು ಕೂಸಿನ ಹೆಸರಿಲೆ ಒಂದೊಂದು ಗಿಳಿಗೆ ಬೊಟ್ಟು ಇಟ್ಟಿದ್ಲಲ್ಲ?”

“ಹೊಲಸಂತ ತಿಳಿದು ಒರೆಸ್ಯಾನ.”

“ತೀರಿಕೊಂಡ ನಿನ್ನ ಮಗಂದೂ?”

“ಅವನ ಗುರುತಂತ ಮನ್ಯಾಗ ಇದ್ದದ್ದು ಅದೊಂದಾ.”

“ಹೇಳಲಿಲ್ಲೇನು ಅವಗ?”

“ಹೆಂಗ ಮಾಡೇನಿ ನೋಡ್ರಿ ಅಂತ ನಗತಿದ್ದ. ಏನಂತ ಹೇಳ್ಲಿ?”

ಇಟ್ಟಿಗಿ ಊರಿನ ಬಸ್ಸು ಬಂತು. ಇಬ್ಬರೂ ಹತ್ತಿದರು. ಅಮರೇಶನೂ ಅದಕ್ಕೇ ಕಾದಿದ್ದ. ಆದರೆ ಅದು ಹೊರಟು ಮರೆಯಾಗುವವರೆಗೂ ಅವನು ಕತ್ತೆತ್ತಲಿಲ್ಲ.