ಹಿತ್ತಾಳೆ ಬಿರಡೆ

ಅಲ್ಲ ಅಲ್ಲ, ಆ ಕಡೆ ಅಲ್ವೋ ಜಯರಾಮು! ಎಡಕ್ಕೆ ತಿರುಗಿಸು... ಇನ್ನೂ ಎಡಕ್ಕೆ... ಹಾಂ, ಬಂತು ನೋಡು ನೀರು. ಹೋಸ್ ಬಿಗಿಯಾಗಿ ಹಿಡ್ಕೋ. ನೀರಿಲ್ದೆ ದೋಣಿ ಮೋಟರ್ ಓಡಿಸಿದ್ರೆ ಎರಡು ನಿಮಿಷಕ್ಕೆ ಸುಟ್ಟು ಹೋಗತ್ತೆ. ಗೊತ್ತಯ್ಯ, ನಿಂಗೆ ಗೊತ್ತು! ಹನ್ನೊಂದು ವರ್ಷದಿಂದ ಇಬ್ರೂ ಸೇರಿ ಇದೇ ಕೆಲಸ ಮಾಡ್ತಿದೀವಿ. ಹೇಳ್ದೆ ಅಷ್ಟೆ. ಮೂವತ್ತು ವರ್ಷ ಕ್ವಾಲಿಟಿ ಡಿಪಾರ್ಟ್‌ಮೆಂಟಲ್ಲಿ ಕೂತು ಬೇರೆಯವರ ತಪ್ಪು ಹುಡುಕಿದವನು ನಾನು. ಬಾಯಿ ಸುಮ್ನಿರತ್ತಾ?

ನಗ್ತೀಯಾ? ನಗು, ನಗು. ನೀನು ನಕ್ಕು ಒಂದು ತಿಂಗಳಾಯ್ತು.

ಸರಿ, ಸಾಕು, ಆಫ್ ಮಾಡ್ತೀನಿ. ಚಳಿಗಾಲ ಪೂರ್ತಿ ಕೆಡದ ಹಾಗೆ ಪೆಟ್ರೋಲಿಗೆ ಆ ಔಷಧಿ ಬೆಳಿಗ್ಗೆನೇ ಹಾಕಿದೀನಿ, ಎಲ್ಲ ಕಡೆ ಹರಡ್ಕೊಂಡಿರತ್ತೆ. ಗಂಟೆ ಎಷ್ಟು? ಮೂರೂವರೆ! ನಾಲ್ಕೂವರೆಗೆಲ್ಲ ಕತ್ತಲೆ. ಇವತ್ತು ರಾತ್ರಿ ಇಪ್ಪತ್ತಾರು ಫ್ಯಾರನ್‌ಹೀಟ್‌ಗೆ ಇಳಿಯತ್ತಂತೆ, ನೀರೆಲ್ಲ ಮಂಜುಗಡ್ಡೆ. ಒಳಗೊಂದು ಲೋಟ ನೀರು ಉಳಿದಿದ್ರೂ ಹೆಪ್ಪುಗಟ್ಟಿ ಮೋಟರ್ ಸೀಳಿಬಿಡತ್ತೆ. ಬೇಗ, ಬೇಗ. ಆ ಸ್ಪ್ಯಾನರ್ ಕೊಡು... ಅದಲ್ಲ... ಹಾಂ, ಅದೇ. ಅಲ್ಲ, ಅದೂ ಅಲ್ಲ. ಬಿಡು, ನನ್ನ ಜೇಬಲ್ಲೇ ಇದೆ.

ಕಾಫಿ ಕುಡಿದ್ಯಾ? ರಮಾಮಣಿ ಫ್ಲಾಸ್ಕಲ್ಲಿ ಇಟ್ಟು ಹೋಗಿದಾಳೆ. ಎಡಿಸನ್ ಟೌನಲ್ಲಿ ಯಾರದ್ದೋ ಸೀಮಂತ. ಬೇಡ್ವಾ? ಬೇಡ್ದೆ ಇದ್ರೆ ಬಿಡು. ಕುಡಿಯೋ, ಕೈ ಬೆಚ್ಚಗಾಗತ್ತೆ...

ಯಾಕೆ, ಎತ್ತಲಾಗೆ ನೋಡ್ತಿದೀಯಾ? ನನ್ನ ಕಾರಾ? ಹಾಂ, ವಾಪಸ್ಸೂ ನಾನೇ ಬಿಡ್ತೀನಪ್ಪ, ಅದಕ್ಕೇನು. ರಂಜನಿ ನಿನ್ನ ಕಾರಿನ ಕೀ ಇಸ್ಕೊಂಡಳು ಅಂತ ಅಷ್ಟೊಂದು ಕೊರಗ್ಬೇಡ. ಮಗಳಲ್ವಾ, ಭಯ ಬಿದ್ದಿದಾಳೆ. ದೋಣಿಯೊಳಗೆ ನೀರು ನುಗ್ಗಿ, ಏಳು ವರ್ಷದ ಸಿಯಾ ಸೊಂಟದ ಮಟ್ಟ ನೀರಲ್ಲಿ ನಿಂತು ನಡುಗ್ತಾ ಇದ್ದದ್ದನ್ನ ನೋಡಿದ್ರೆ ಯಾವ ತಾಯಿ ಸುಮ್ನಿರ್ತಾಳೆ ಹೇಳು? ಲೈಫ್ ಜಾಕೆಟ್ ಇತ್ತು, ದಡ ಮೂವತ್ತು ಅಡಿ ದೂರದಲ್ಲಿತ್ತು, ನೀನು ಎತ್ಕೊಂಡು ಬಂದೆ, ಮಗುಗೆ ಎರಡು ದಿನ ಜ್ವರ ಬಂದು ಹೋಯ್ತು. ಮುಗೀತಲ್ಲ! ದೋಣಿನೂ ಮೇಲೆತ್ತಿದ್ವಿ. ಇನ್ನೇನು?

ಏನು? ... ಮಂಗಳವಾರಾನಾ? ಇಷ್ಟು ಬೇಗ ಅಪಾಯಿಂಟ್ಮೆಂಟ್ ಸಿಗ್ತಾ! ನಮ್ ಮೊಣಕಾಲಿಗೆ ಮೂರು ತಿಂಗಳು ಕಾಯಿಸ್ತಾರೆ.

ಅದೊಂದು ಜ್ಞಾಪಕಶಕ್ತಿ ಟೆಸ್ಟ್ ಅಷ್ಟೆ ಕಣೋ. ಗಡಿಯಾರದ ಚಿತ್ರ ಬರಿ ಅಂತಾರೆ, ಐದು ಪದ ಹೇಳ್ತಾರೆ, ಆಮೇಲೆ ವಾಪಸ್ಸು ಕೇಳ್ತಾರೆ. ನೀನು ಪಾಸಾಗ್ತೀಯ. ಪಾಸಾಗ್ದೆ ಇದ್ರೂ... ಛೆ, ಏನು ಮಾತಾಡ್ತಿದೀನಿ ನಾನು! ಈ ವಯಸ್ಸಲ್ಲಿ ಎಲ್ರೂ ಮರೀತಾರೆ ಅಂತ ಹೇಳ್ತಿದ್ದೆ. ಮೊನ್ನೆ ನಾನೇ ಕನ್ನಡಕ ಹಾಕ್ಕೊಂಡು ಕನ್ನಡಕ ಹುಡುಕಿದೆ. ಅದನ್ನ ದೊಡ್ಡದು ಮಾಡ್ಬೇಡ.

ಆ ಪಾತ್ರೆ ಕೆಳಗಿಡು, ಗೇರ್ ಆಯಿಲ್ ಬಿಡ್ತೀನಿ. ಕಪ್ಪಗೆ ಬಂದ್ರೆ ಚಿಂತೆಯಿಲ್ಲ, ಹಾಲಿನ ಹಾಗೆ ಬಂದ್ರೆ ಒಳಗೆ ನೀರು ಸೇರಿದೆ ಅಂತ... ಅಯ್ಯೋ, ನೋಡು! ಹಾಲು! ಶುದ್ಧ ಹಾಲು! ಅವತ್ತು ಮುಳುಗಿದಾಗ ಸೇರಿದ್ದು. ಇವತ್ತು ತೆಗೀದೆ ಇದ್ದಿದ್ರೆ ಕಪಿಲಾ ಕಥೆ ಮುಗೀತಿತ್ತು. ಪಾಪ, ದೋಣಿಗೆ ನಂಜನಗೂಡಿನ ಹೊಳೆ ಹೆಸರಿಟ್ಟು ಈ ಗತಿ ತಂದ್ವಲ್ಲೋ ಇವಳಿಗೆ.

ಮತ್ತೆ ಅದೇನಾ?

ಜಯರಾಮು, ಎಷ್ಟು ಸಲ ಹೇಳ್ಲಿ. ತಳದ ತೂತಿಗೆ ಬಿರಡೆ ಹಾಕಿದೀಯಾ ಅಂತ ನೀನು ನನ್ನ ಕೇಳ್ಲಿಲ್ಲ. ಕೇಳ್ಬೇಕು ಅಂತ ಅಂದ್ಕೊಂಡಿರ್ತೀಯ, ಕೇಳಿದೆ ಅಂತ ಮನಸ್ಸಿಗೆ ಅನ್ಸಿರತ್ತೆ. ಹಾಗಾಗತ್ತೆ, ಓದಿದೀನಿ ನಾನು. ನೀನು ಬೆಳಿಗ್ಗೆ ಬಂದೆ, ಟ್ರೇಲರ್ ನಿನ್ನ ಕಾರಿಗೆ ಸಿಕ್ಕಿಸ್ಕೊಂಡೆ, ಹೊರಟೆ. ನಾನು ದೇವರ ಕೋಣೇಲಿದ್ದೆ. ಯಾರು ಏನು ಕೇಳಿದ್ರೂ ಅಲ್ಲಿಗೆ ಕೇಳ್ಸತ್ತಾ?

ಆ? ಸ್ನಾನ ಅಂದಿದ್ನಾ? ರಂಜನಿ ಹತ್ರ? ... ಹಾಂ, ಸ್ನಾನ. ಸ್ನಾನ ಮಾಡ್ಕೊಂಡು ದೇವರ ಕೋಣೆ. ಎರಡೂ ಒಂದೇ ಹೊತ್ತಲ್ವಾ? ಏನು ಲಾಯರ್ ತರ ಕೇಳ್ತೀಯ! ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ?

ಕುಂಬಳಕಾಯಿ ಅಂದ್ರೆ ನೆನಪಾಯ್ತು ನೋಡು. ಆಯುಧಪೂಜೆ ದಿನ ಬೂದುಗುಂಬಳ ಸಿಗ್ಲಿಲ್ಲ ಅಂತ ಹ್ಯಾಲೋವೀನ್ ಕುಂಬಳಕಾಯಿ ತಂದು, ಕುಂಕುಮ ಹಚ್ಚಿ, ಇಲ್ಲೇ ಟ್ರೇಲರ್ ಮುಂದೆ ಒಡೆದ್ವಲ್ಲ! ಎದುರುಮನೆಯವನು ಬಂದು, ನೀವು ಒಳಗೆ ಕ್ಯಾಂಡಲ್ ಇಡಲ್ವಾ, ಸೀದಾ ರಸ್ತೆಗೆ ಹಾಕ್ತೀರಾ ಅಂದ. ಮೋಟರಿಗೆ ಹೂವು, ಚಕ್ರಕ್ಕೆ ನಿಂಬೆಹಣ್ಣು. ಹಿತ್ತಾಳೆ ಸಾಮಾನೆಲ್ಲ ಹುಣಸೆಹಣ್ಣಲ್ಲಿ ತಿಕ್ಕಿ... ತಿಕ್ಕಿ...

ಇಲ್ಲ, ಏನಿಲ್ಲ. ಎಲ್ಲ ಸಾಮಾನೂ ತಿಕ್ಕಿದ್ವಿ ಅಂತ ಹೇಳ್ತಿದ್ದೆ. ದೀಪ ಗೀಪ.

ಬಾ ಹಿಂದಕ್ಕೆ. ಈಗ ಬಿರಡೆ ತೆಗೀಬೇಕು. ಇದು ಅಂಗಡಿಯಿಂದ ತಂದ ಹೊಸದು, ಬಿಗಿ ಇದೆ. ಇದು ತೆಗೆದ್ರೆ ತಳದ ನೀರೆಲ್ಲ ಹೋಗತ್ತೆ. ಮೂತಿ ಸ್ವಲ್ಪ ಎತ್ತು... ಹಾಂ. ತೊಟ್ಟಿಕ್ತಾ ಇದೆ. ತಗೋ, ದಾರ ಹಾಕಿ ಸ್ಟೀರಿಂಗಿಗೆ ಕಟ್ಟು. ನಮ್ಮ ರೂಲ್ ಅದು: ತೆಗೆದ ಬಿರಡೆ ಸ್ಟೀರಿಂಗಿಗೆ. ಕೈಗೆ ತಗುಲ್ದೆ ದೋಣಿ ಓಡ್ಸಕ್ಕೇ ಆಗ್ಬಾರ್ದು. ರೂಲ್ ಮಾಡಿದವನು ನಾನೇ, ಹೌದು. ಲ್ಯಾಮಿನೇಟ್ ಮಾಡಿ ಅಂಟಿಸಿದವನೂ ನಾನೇ.

ಏನಂದೆ?

"ಸ್ಟೀರಿಂಗಲ್ಲಿ ಏನೂ ಇರ್ಲಿಲ್ಲ ಅವತ್ತು." ... ಇರ್ಲಿಲ್ಲ ಅಂತ ನಿಂಗೆ ಜ್ಞಾಪಕ. ಇತ್ತೋ ಇಲ್ವೋ. ನೀರಿಗೆ ಬಿದ್ದಿರತ್ತೆ. ಬಿಡೋ ಅದನ್ನ! ಯಾರಾದ್ರೂ ನಿನ್ನ ಬೈದ್ರಾ? ನಾನು ಒಂದು ಮಾತು ಬೈದ್ನಾ? ದೋಣಿ ಅರ್ಧ ನಂದು, ಒಂದು ಮಾತು ಅಂದ್ನಾ? ಇಲ್ಲ ತಾನೆ?

ಚಳಿ. ಕೈ ಮರಗಟ್ಟಿದೆ ನಂಗೆ. ಗ್ಯಾರೇಜಿಂದ ಒಂದು ಹಳೇ ಬಟ್ಟೆ ತಾರೋ, ಇಲ್ಲೆಲ್ಲ ಆಯಿಲ್ ಆಯ್ತು. ಎಡಗಡೆ, ಕೆಳಗಿನ ಶೆಲ್ಫು, ನೀಲಿ ಬಕೆಟ್ಟಲ್ಲಿ. ನಾನು ಅಷ್ಟರಲ್ಲಿ ಬ್ಯಾಟರಿ ಬಿಚ್ತೀನಿ. ಬರೋ ಏಪ್ರಿಲ್‌ಗೆ ಸಿಯಾನ ಕರ್ಕೊಂಡು ಹೋಗೋಣ, ನಾನೂ ಬರ್ತೀನಿ, ರಂಜನಿ ಹತ್ರ ನಾನೇ ಮಾತಾಡ್ತೀನಿ. ಒಪ್ತಾಳೆ. ನೀನು ಓಡ್ಸೋದು ಬೇಡ ಅಂದ್ರೆ ನಾನು ಓಡಿಸ್ತೀನಿ, ನೀನು ಪಕ್ಕದಲ್ಲಿ ಕೂತ್ಕೊ... ಸಿಕ್ತಾ? ಕೆಳಗಿನ ಶೆಲ್ಫು ಅಂದೆ! ಮೇಲಕ್ಕೆ ಯಾಕೆ ಕೈ ಹಾಕ್ತೀಯಾ? ಆ ಸ್ಟೀಲ್ ಡಬ್ಬ ಬಿಡು. ಅದರಲ್ಲಿ ಬಟ್ಟೆ ಇಲ್ಲ. ಪೂಜೆದು ಅದು, ರಮಾಮಣಿದು, ಒಣಗಿದ ಹೂವು ಗೀವು. ಗಿಡದ ಬುಡಕ್ಕೆ ಹಾಕ್ಬೇಕು ಅಂತ ಇಟ್ಟಿದಾಳೆ. ಮುಟ್ಟಿದ್ರೆ ಬೈತಾಳೆ... ಜಯರಾಮು. ಮುಚ್ಚಳ ತೆಗೀಬೇಡ. ಜಯರಾಮು...

...

ತೆಗೆದೇಬಿಟ್ಯಾ. ಕೈಗೂ ತಗೊಂಡ್ಯಾ.

ಅದು ಸ್ಪೇರ್ ಬಿರಡೆ. ಒಂದು ಸ್ಪೇರ್ ಇರ್ಲಿ ಅಂತ ತಂದು... ಹೌದು, ಕುಂಕುಮ ಇದೆ. ಸ್ಪೇರಿಗೂ ಒಂದು ಚೂರು ಹಚ್ಚಿದ್ರೆ ಏನು...

ಅದನ್ನ ಹಾಗೆ ತಿರುಗಿಸ್ಬೇಡ. ಗೊತ್ತು, ಅಲ್ಲೊಂದು ಕಚ್ಚು ಇದೆ. ನೀನೇ ಇಕ್ಕಳದಲ್ಲಿ ಹಿಡಿದು ಮಾಡಿದ ಕಚ್ಚು. ಮೊದಲನೇ ವರ್ಷ. ನಾನು ಒಂದು ವಾರ ಬೈದಿದ್ದೆ.

ಕೂತ್ಕೊಳೋ. ಆ ಬಕೆಟ್ ಮೇಲೆ ಕೂತ್ಕೋ. ಹೋಗ್ಬೇಡ. ನಡ್ಕೊಂಡು ಎಲ್ಲಿಗೆ ಹೋಗ್ತೀಯಾ, ಹೈವೇ ಅದು! ಬೈಯೋದಾದ್ರೆ ಬೈದ್ಬಿಡು.

ಹಿತ್ತಾಳೆ ಅಲ್ವಾ ಅಂತ ತೆಗೆದೆ. ಎಲ್ಲದರ ಜೊತೆ ತಿಕ್ಕಿದೆ. ಥಳಥಳ ಅಂತಿತ್ತು. ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ತಟ್ಟೇಲಿ ಇಟ್ಟೆ. ಪೂಜೆ ಮಾಡಿದ ಸಾಮಾನು ಅವತ್ತೇ ಎತ್ತಬಾರ್ದಲ್ವಾ, ನಾಳೆ ಹಾಕೋಣ ಅಂತ. ಮಾರನೇ ದಿನ ನೀನು ಏಳು ಗಂಟೆಗೇ ಬಂದ್ಬಿಟ್ಟೆ. ನಾನು ಮೇಲೆ, ಬಾತ್‌ರೂಮ್ ಕಿಟಕಿ ಹತ್ರ, ಬಾಯ್ತುಂಬ ಪೇಸ್ಟು...

ಹೌದು ಕಣೋ. ಹೌದು! ನಿಂಗೆ ಜ್ಞಾಪಕ ಇರೋದೆಲ್ಲ ನಿಜ.

ಹಾಕಿದೀನಿ ಹೋಗು ಅಂದೆ. ಯೋಚನೆ ಮಾಡ್ಲಿಲ್ಲ, ಬಾಯಿಗೆ ಬಂತು, ಅಂದೆ. ಯಾವಾಗ್ಲೂ ಹಾಕ್ತೀನಲ್ಲ! ಆಮೇಲೆ ಕೆರೆ ಹತ್ರ ಬಂದ್ರೆ ರಂಜನಿ ಅಳ್ತಿದಾಳೆ, ಮಗು ಕಂಬಳಿ ಸುತ್ಕೊಂಡಿದೆ, ನೀನು ಎಲ್ರ ಮುಂದೆ ಕೇಶವನ್ನ ಕೇಳಿದ್ದೆ, ಕೇಶವನ್ನ ಕೇಳಿದ್ದೆ ಅಂತಿದೀಯ. ಎಲ್ರೂ ನನ್ನ ಕಡೆ ತಿರುಗಿದ್ರು. ಇಲ್ಲ ಅಂದ್ಬಿಟ್ಟೆ. ಹೆದರಿಕೆ ಆಯ್ತೋ! ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ. ನಾಳೆ ಹೊತ್ತಿಗೆ ಅವಳು ನಿನ್ನ ಕೀ ಇಸ್ಕೊಂಡಿದ್ಳು. ಆಮೇಲೆ ಡಾಕ್ಟ್ರು ಅಂದ್ರು, ಟೆಸ್ಟು ಅಂದ್ರು. ಹೇಳೋದು ದಿನಾ ದಿನಾ ಕಷ್ಟ ಆಯ್ತು.

ಎಸೆಯೋಣ ಅಂತ ಕೆರೆ ಹತ್ರ ಎರಡು ಸಲ ಹೋದೆ. ಪೂಜೆ ಆಗಿದ್ದಲ್ವಾ, ಕೈ ಬರ್ಲಿಲ್ಲ. ನೋಡು ನನ್ನ ಭಕ್ತಿ! ಹಿತ್ತಾಳೆ ಚೂರಿಗೆ ಮರ್ಯಾದೆ ಕೊಟ್ಟೆ, ನಿಂಗೆ ಕೊಡ್ಲಿಲ್ಲ.

ಯಾಕೆ ಜೇಬಿಗೆ ಕೈ ಹಾಕ್ತಿದೀಯ? ... ಫೋನಾ? ಯಾರಿಗೆ... ಗೊತ್ತಾಯ್ತು. ಬೇಡ, ನೀನು ಹೇಳಿದ್ರೆ ಅವಳು ನಂಬಲ್ಲ. ನಂಬದ ಹಾಗೆ ಮಾಡಿದವನು ನಾನು. ತಾ ಇಲ್ಲಿ. ಕೊಡೋ. ಕೈಯೆಲ್ಲ ಆಯಿಲು, ಇರ್ಲಿ ಬಿಡು.

ಹಲೋ... ರಂಜನಿ? ಕೇಶವ ಅಂಕಲ್ ಕಣಮ್ಮ. ಇಲ್ಲ ಇಲ್ಲ, ಗಾಬರಿ ಬೀಳ್ಬೇಡ, ಅಪ್ಪ ಚೆನ್ನಾಗಿದಾರೆ. ಇಲ್ಲೇ ಇದಾರೆ, ನನ್ನ ಎದುರಿಗೇ. ಒಂದು ನಿಮಿಷ ಕೇಳಮ್ಮ. ಮಂಗಳವಾರದ ಆ ಟೆಸ್ಟು ಬೇಡ. ನಿಮ್ಮಪ್ಪ ಏನೂ ಮರ್ತಿಲ್ಲ. ಅವತ್ತು ಬೆಳಿಗ್ಗೆ ಅವರು ನನ್ನ ಕೇಳಿದ್ರು. ಕಿಟಕಿ ಕೆಳಗೆ ನಿಂತು, ತಲೆ ಎತ್ತಿ, ಒಂದಲ್ಲ, ಎರಡು ಸಲ ಕೇಳಿದ್ರು.