ಮಹೆಕ್ ಹೆಸರು ಬಿಟ್ಟುಹೋದ ಬಗೆ

ಅಧ್ಯಕ್ಷತೆ ವಹಿಸಿರುವ ಭದ್ರಮ್ಮನವರೇ, ನಮ್ಮ ಮೇಲ್ವಿಚಾರಕರಾದ ಮಹೇಂದ್ರ ಸಾರ್, ಹುಣಸೂರಿನ ಸಭಿಕರೇ,

ಶಾಲು ಹೊದಿಸುವ ಮೊದಲು ಒಂದು ಮಾತು. ನಾನು ಪಿಯುಸಿ ಪಾಸಾಗಿಲ್ಲ. ಒಂಬತ್ತನೇ ತರಗತಿಯ ಮಧ್ಯದಲ್ಲೇ ಶಾಲೆ ಬಿಟ್ಟವನು. ಪಿಯುಸಿ ಕೇಳಿದ್ದ ಈ ಸಮೀಕ್ಷೆಯ ಕೆಲಸಕ್ಕೆ ಅಣ್ಣನ ಅಂಕಪಟ್ಟಿ ಕೊಟ್ಟು ಸೇರಿಕೊಂಡೆ. ಆಹ್ವಾನಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಅತ್ಯುತ್ತಮ ಸಮೀಕ್ಷಕ' ಎಂದು ಅಚ್ಚಾಗಿದೆ. ಶಾಲೆಯ ಹಾಜರಿಯಲ್ಲಿ ಅದೇ ಜಾಗದಲ್ಲಿ 'ಗೈರು' ಎಂದಿರುತ್ತಿತ್ತು.

ಶಾಲೆ ಬಿಟ್ಟ ಮಕ್ಕಳನ್ನು ಹುಡುಕಲು ಶಾಲೆ ಬಿಟ್ಟವನನ್ನೇ ಕಳಿಸಿದ್ದೀರಿ. ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತದೆ? ಗೊತ್ತಾಯಿತು. ಗೊತ್ತಾಗಿಯೂ ಬರೆಯಲಿಲ್ಲ, ಅದೇ ನನ್ನ ತಪ್ಪು.

ಹಾಸಿಗೆ ಹೊಲಿಯುವ ರಜಾಕ್ ಸಾಹೇಬರ ಮನೆಗೆ ಹೋಗಿದ್ದೆ. ಅವರಿಗೆ ಸೊಂಟ ನೋವು. ಅವರ ಮಗಳು ಮಹೆಕ್ ದಿಂಬಿಗೆ ಹತ್ತಿ ತುಂಬುತ್ತಿದ್ದಳು. ತಲೆಗೂದಲ ತುಂಬ ಹತ್ತಿಯ ಎಳೆ. "ಮಗಳು ಶಾಲೆಗೆ ಹೋಗ್ತಾಳಾ?" ಎಂದು ಕೇಳಿದೆ. ತಾಯಿ ಜೀನತುನ್ನೀಸಾ ನೆಲ ನೋಡಿದರು. "ಓದ್ತಾ ಅವ್ಳೆ ಸಾರ್. ಇವತ್ತು ಬುಖಾರ್, ಅದುಕ್ಕೇ ಮನೇಲಿ."

ನಮ್ಮೂರು ಭೇರ್ಯದಲ್ಲಿ ನಮ್ಮವ್ವ ಮೇಷ್ಟ್ರಿಗೆ ಹೀಗೇ ಹೇಳುತ್ತಿದ್ದಳು. "ಜ್ವರ ಕಣ್ರೀ ಸಾ, ನಾಳೀಕೆ ಕಳಿಸ್ತೀನಿ ಬುಡಿ." ಮೇಷ್ಟ್ರು ಹೊರಟ ಮೇಲೆ ಒಲೆಯ ಮುಂದೆ ಕೂತು ಅಳುತ್ತಿದ್ದಳು. ಈ ತಾಯಿಗೂ ಹಾಗೆ ಆಗಬಾರದೆನಿಸಿತು. 'ಓದುತ್ತಿದ್ದಾಳೆ' ಎಂದು ಬರೆದೆ. ಚಹಾ ಕೊಡುತ್ತಾ ಆಕೆ, "ನೀವು ಎಷ್ಟು ಓದಿದ್ದೀರಿ ಬೇಟಾ?" ಎಂದರು. "ಪಿಯುಸಿ ಅಮ್ಮಾ." ಮಹೆಕ್ ಕಡೆ ನೋಡಿ ನಕ್ಕೆ. ಬಾಗಿಲಿಗೆ 'ಮುಗಿದಿದೆ' ಚೀಟಿ ಅಂಟಿಸಿದೆ. ಅದು ಇದ್ದ ಮನೆಗೆ ಮತ್ತೆ ಯಾರೂ ಹೋಗುವುದಿಲ್ಲ.

ಒಳ್ಳೆಯದು ಮಾಡಿದೆನೆಂದು ಬೀಗಿದೆ. ನಾಚಿಕೆಯಾಗುತ್ತದೆ. ನಾನು ಉಳಿಸಿದ್ದು ಯಾರ ಮಾನ? ಆಕೆಯದೋ, ನಮ್ಮವ್ವನದೋ, ನನ್ನದೋ?

ಹೋದ ವಾರ ಪಟ್ಟಿ ಬಂತು. ನಲವತ್ತೊಂದು ಮಕ್ಕಳಿಗೆ ಮರಳಿ ಶಾಲೆ, ಹಾಸ್ಟೆಲ್. ಅದೇ ಬೀದಿಯಲ್ಲಿ ಮಹೆಕ್ ಸಿಕ್ಕಳು. "ಅಣ್ಣಾ, ನನ್ನ ಹೆಸರು ಬಂತಾ?"

"ನಿಮ್ಮಮ್ಮ ಓದ್ತಾ ಅವ್ಳೆ ಅಂದ್ರಲ್ಲವ್ವ."

"ಅಮ್ಮಿ ನಾಚ್ಕೆಗೆ ಅಂದ್ರು. ನೀವು ನನ್ನ ನೋಡಿ ನಕ್ಕಿದ್ರಿ. ನಿಮಗೆ ಗೊತ್ತಾಯ್ತು, ನಿಜ ಬರ್ಕೊಂಡ್ರಿ ಅಂದ್ಕೊಂಡೆ."

ಬಿಟ್ಟುಹೋದ ಹೆಸರು ಸೇರಿಸುವುದು ಹೇಗೆಂದು ಕಚೇರಿಗೆ ಹೋಗಿ ವಿಚಾರಿಸಿದೆ.

ಮಹೇಂದ್ರ ಸಾರ್, ಬರೆದವನೇ ತಪ್ಪೊಪ್ಪಿ ಸಹಿ ಹಾಕಿದರೆ ಮಾತ್ರ ಹೆಸರು ಸೇರುತ್ತದೆ ಎಂದಿದ್ದಿರಿ. ತಾಯಿಯನ್ನು ಮತ್ತೆ ಕೇಳಿ, ಅವರು ಒಪ್ಪಿದ ಮೇಲೆ ಹೊಸ ಅರ್ಜಿ ತುಂಬಿ ತಂದಿದ್ದೇನೆ. ಹಿಂಬದಿಯಲ್ಲಿ ನನ್ನ ಅಂಕಪಟ್ಟಿಯ ಸಂಗತಿಯೂ ಇದೆ. ಭದ್ರಮ್ಮನವರೇ, ಶಾಲು ಬೇಡ. ಇದನ್ನು ಇಲ್ಲೇ, ಎಲ್ಲರ ಮುಂದೆ ತೆಗೆದುಕೊಳ್ಳಿ. ನಲವತ್ತೆರಡು ಮಾಡಿ.

ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ ನಿಮಗೆಲ್ಲ ಋಣಿ. ಈ ಕೆಲಸ ಇನ್ನು ನನ್ನದಲ್ಲ. ಗೋಣಿಕೊಪ್ಪದ ಗ್ಯಾರೇಜೊಂದರಲ್ಲಿ ಕೆಲಸಕ್ಕೆ ಬಾ ಎಂದಿದ್ದಾರೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ನಮಸ್ಕಾರ.