ಅರ್ಧ ಗುಳಿಗೆ

ಹೆಂಡತಿಯನ್ನು ಡಾಕ್ಟರಮ್ಮನ ಕೋಣೆಗೆ ಕಳಿಸಿ, ಅಮೋಘಪ್ಪ ಹೊರಗಿನ ಬೆಂಚಿನಲ್ಲಿ ಕುದಿಯುತ್ತ ಕೂತಿದ್ದ. ಕಲಬುರಗಿಯ ಆ ದವಾಖಾನೆಗೆ ಬಂದು ಒಂದು ತಾಸಾಗಿತ್ತು. ಕಂಪೌಂಡರನನ್ನು ಎರಡು ಸಲ ಬೈದೂ ಆಗಿತ್ತು. ಅವನ ಬೆನ್ನ ಹಿಂದೆ, ಕಮಲಾಪುರದಿಂದ ಬಂದ ಇಬ್ಬರು ಹೆಂಗಸರು ಮಾತಿಗಿಳಿದಿದ್ದರು.

"ಶಂಕ್ರಮ್ಮಕ್ಕಾ, ಮುಟ್ಟು ನಿಂತ ಮ್ಯಾಲ ಹಾರ್ಮೋನ್ ಗುಳಿಗಿ ಕೊಟ್ಟಿದ್ರಲ್ಲ, ಅದರಿಂದ ಕೊಲೆಸ್ಟ್ರಾಲೂ ಇಳೀತದ ಅಂದಿದ್ರು, ಇಳೀತೇನ್ರಿ?"

"ಎಲ್ಲಿ ಇಳೀತದ ರೇವಮ್ಮಾ? ನಾ ತಗೊಳ್ಳೋದು ಅರ್ಧಾನೇ."

"ಉಳಿದರ್ಧ?"

"ನಮ್ಮನಿಯವರಿಗೆ. ಅವರಿಗೂ ಕೊಲೆಸ್ಟ್ರಾಲ್ ಅದಲ್ಲ."

"ಅಯ್ಯ ಶಿವನೇ! ಅದು ಹೆಂಗಸರ ಗುಳಿಗಿರೀ!"

"ಆಮ್ಯಾಲ ಗೊತ್ತಾತು. ಅಷ್ಟರಾಗ ಅವರ ಸಿಟ್ಟೇ ಇಳಿದಿತ್ತು. ಮೊನ್ನಿ ಟೀವಿ ನೋಡ್ಕೋತ ಅತ್ತರು. ನಿನ್ನಿ ನನ್ನ ಜೋಡಿ ಕುಂತು ತೊಗರಿಬ್ಯಾಳಿ ಹಸನ ಮಾಡಿದ್ರು."

"ಡಾಕ್ಟರಮ್ಮಗ ಹೇಳ್ರಿ ಮೊದಲ."

"ಹೇಳ್ತೀನಿ. ಸೋಮವಾರ ಮಗಳನ್ನ ನೋಡಾಕ ಬರ್ತಾರ. ಹಿಂದ ಎರಡು ಸಂಬಂಧ ಇವರ ಬಾಯಿಂದಾನೇ ಮುರದಾವ. ಮಂಗಳವಾರ ಬಂದು ಎಲ್ಲಾ ಹೇಳ್ತೀನಿ."

"ಮತ್ತ ನಿಮ್ಮ ಮೈ ಉರಿಯೋದು?"

"ಉರೀಲಿ ಬಿಡು. ಮನ್ಯಾಗಿನ ಬೆಂಕಿ ಆರಿತಲ್ಲ."

ಕಂಪೌಂಡರ್ ಶಂಕ್ರಮ್ಮನ ಹೆಸರು ಕೂಗಿದ. ಇಬ್ಬರೂ ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಹೋದರು. ಅದೇ ಬಾಗಿಲಿನಿಂದ ಅಮೋಘಪ್ಪನ ಹೆಂಡತಿ ಮಹಾದೇವಮ್ಮ ಚೀಟಿ ಹಿಡಿದು ಹೊರಬಂದಳು.

"ಏನಂದ್ರು?"

"ಹಾರ್ಮೋನ್ ಗುಳಿಗಿ ಬರದಾರ್ರಿ."

ಅಮೋಘಪ್ಪ ತಟ್ಟನೆ ಎದ್ದು ಅವಳ ಕೈಚೀಲ ಇಸಿದುಕೊಂಡ.

"ದಣದಿಯೇನು? ಬಾ, ಚಹಾ ಕುಡಿಯೂಣು," ಎಂದ ಮೆಲ್ಲಗೆ. "ಗುಳಿಗಿ ಮಾತ್ರ ಪೂರಾ ನೀನೇ ತಗೋಬೇಕು ನೋಡು."

ಮಹಾದೇವಮ್ಮ ಗಾಬರಿಯಾಗಿ ಅವನ ಹಣೆ ಮುಟ್ಟಿ ನೋಡಿದಳು.